ಕಿರಿಯ ಪ್ರಾಥಮಿಕ ಮಕ್ಕಳಿಗೆ ಕೋಡಿಂಗ್: ಸಾಧನ ಆರಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಬೆಂಗಳೂರಿನ ಶಿಕ್ಷಕರಿಂದಲೂ ತಂದೆತಾಯಿಗಳಿಂದಲೂ ನನಗೆ ಬರುವ ಪ್ರಶ್ನೆ ಒಂದೇ: "ಮಕ್ಕಳಿಗೆ ಕೋಡಿಂಗ್ ಕಲಿಸಬೇಕು ಮಿಸ್, ಯಾವ ಸಾಫ್ಟ್‌ವೇರ್ ಹಾಕಿಸಲಿ?" ಈ ಪ್ರಶ್ನೆಗೆ ಥಟ್ಟನೆ ಒಂದು ಹೆಸರು ಹೇಳಿಬಿಡುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ. ಸಾಫ್ಟ್‌ವೇರ್‌ನ ಹೆಸರು ಕಟ್ಟಕಡೆಯ ತೀರ್ಮಾನ. ಮಗುವಿಗೆ ಯಾವ ಭಾಷೆ ಸರಾಗವಾಗಿ ಓದಲು ಬರುತ್ತದೆ, ಯಾವ ಮಟ್ಟದವರೆಗೆ ಲೆಕ್ಕ ಬರುತ್ತದೆ, ಕೋಣೆಯಲ್ಲಿರುವ ಕಂಪ್ಯೂಟರ್‌ಗಳ ಸ್ಥಿತಿ ಏನು ಎಂಬ ಮೂರು ಸಂಗತಿಗಳು ಅದಕ್ಕಿಂತ ಮೊದಲು ಗೊತ್ತಾಗಬೇಕು. ಇವನ್ನು ನೋಡದೆ ಆರಿಸಿದ ಸಾಧನ ಎಷ್ಟೇ ಹೆಸರುವಾಸಿಯಾಗಿದ್ದರೂ ದಸರಾ ರಜೆಯ ಹೊತ್ತಿಗೆ ಮೂಲೆ ಸೇರುತ್ತದೆ.

ಅವಸರವೂ ಬೇಕಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕೋಡಿಂಗ್‌ಗೆ ಸಂಬಂಧಿಸಿದ ಚಟುವಟಿಕೆಗಳನ್ನು ತರುವುದು ಮಾಧ್ಯಮಿಕ ಹಂತದಲ್ಲಿ, ಅಂದರೆ 6ರಿಂದ 8ನೇ ತರಗತಿಗಳಲ್ಲಿ. ಎರಡನೇ ತರಗತಿಯ ಮಗು ಈಗಲೇ ಶುರು ಮಾಡದಿದ್ದರೆ ಹಿಂದೆ ಬೀಳುತ್ತದೆ ಎಂದು ಹೆದರಿಸುವ ಜಾಹೀರಾತನ್ನು ಪಕ್ಕಕ್ಕಿಟ್ಟು ಮುಂದೆ ಓದಿ. 1ರಿಂದ 5ನೇ ತರಗತಿಯವರೆಗೆ ನಾವು ಕಲಿಸಬಹುದಾದದ್ದು ಇಷ್ಟೇ: ಕೆಲಸವನ್ನು ಬಿಡಿಬಿಡಿ ಹೆಜ್ಜೆಗಳಾಗಿ ಒಡೆಯುವುದು, ಹೆಜ್ಜೆಗಳ ಕ್ರಮ ತಪ್ಪಿದರೆ ಏನಾಗುತ್ತದೆಂದು ಊಹಿಸುವುದು, ಮರುಕಳಿಸುವುದನ್ನು ಗುರುತಿಸಿ ಒಂದೇ ಸಲ ಹೇಳುವುದು, ಷರತ್ತು ಹಾಕುವುದು, ತನ್ನ ತಪ್ಪನ್ನು ತಾನೇ ಹುಡುಕುವುದು.

ಮೊದಲ ಹೆಜ್ಜೆ: ಕೋಣೆಯನ್ನು ನೋಡಿ

ನಾನು ಶನಿವಾರಗಳಂದು ಪಾಠ ಮಾಡಲು ಒಪ್ಪಿಕೊಂಡ ಒಂದು ಶಾಲೆಯಲ್ಲಿ ಮೊದಲ ದಿನವೇ ಪೆಟ್ಟು ತಿಂದೆ. 22 ಮಕ್ಕಳು, 11 ಕಂಪ್ಯೂಟರ್, ಅಂತರ್ಜಾಲಕ್ಕೆ ನನ್ನ ಫೋನಿನ ಹಾಟ್‌ಸ್ಪಾಟ್ ಒಂದೇ ಗತಿ. ಎಲ್ಲರೂ ಒಟ್ಟಿಗೆ ಬ್ರೌಸರ್ ತೆರೆದ ಕೂಡಲೇ ಎಲ್ಲ ಪರದೆಗಳ ಮೇಲೂ ಸುತ್ತುವ ಚಕ್ರವೊಂದೇ ಕಾಣಿಸತೊಡಗಿತು. ಅರ್ಧ ಗಂಟೆ ಚಕ್ರ ನೋಡಿದ ಮಕ್ಕಳು ಅದನ್ನೇ ಕೋಡಿಂಗ್ ಎಂದುಕೊಂಡು ಮನೆಗೆ ಹೋಗಿರಬೇಕು. ಮರುವಾರ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಪ್ರತಿ ಯಂತ್ರಕ್ಕೂ ಹಾಕಿದ ಮೇಲೆ ಪಾಠ ನಡೆಯಿತು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಸಾಧನ ಅಂತರ್ಜಾಲವಿಲ್ಲದೆ ನಡೆಯುತ್ತದೆಯೇ ಎಂಬುದು. ಆಜ್ಞೆ ಬರೆದ ಬಣ್ಣದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಎಳೆದು ಜೋಡಿಸಿ ಕೋಡಿಂಗ್ ಕಲಿಯುವ ಸ್ಕ್ರ್ಯಾಚ್ ಎಂಬ ತಂತ್ರಾಂಶ ಬ್ರೌಸರ್‌ನಲ್ಲೂ ನಡೆಯುತ್ತದೆ, ವಿಂಡೋಸ್, ಮ್ಯಾಕ್, ಕ್ರೋಮ್‌ಬುಕ್ ಮತ್ತು ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಆಫ್‌ಲೈನ್ ಆ್ಯಪ್ ಆಗಿಯೂ ಸಿಗುತ್ತದೆ. ಲ್ಯಾಬಿನ ಯಂತ್ರಗಳಲ್ಲಿ ವಿಂಡೋಸ್ ಬದಲು ಉಬುಂಟುವಿನಂಥ ಲಿನಕ್ಸ್ ಇದ್ದರೆ ಸ್ಕ್ರ್ಯಾಚ್‌ನವರೇ ಮಾಡಿದ ಆ್ಯಪ್ ಸಿಗುವುದಿಲ್ಲ. ಆದರೆ ಅದೇ ಕಡತಗಳನ್ನು ತೆರೆಯುವ ಟರ್ಬೋವಾರ್ಪ್ ಎಂಬ ಉಚಿತ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆ. ಮನೆಯಲ್ಲಿ ಮೊಬೈಲ್ ಫೋನ್ ಮಾತ್ರ ಇರುವವರಿಗೆ ಒಂದು ಎಚ್ಚರಿಕೆ: ಸ್ಕ್ರ್ಯಾಚ್‌ನಲ್ಲಿ ಬೇರೆಯವರು ಮಾಡಿದ್ದನ್ನು ಫೋನಿನಲ್ಲಿ ನೋಡಬಹುದು, ಹೊಸದಾಗಿ ಮಾಡಲು ಆಗುವುದಿಲ್ಲ. ಎಷ್ಟೋ ಪೋಷಕರಿಗೆ ಇದು ಗೊತ್ತಾಗುವುದು ಮಗುವಿಗೆ ಮಾತು ಕೊಟ್ಟ ಮೇಲೆ.

ಇನ್ನುಳಿದವು ಸಣ್ಣ ಸಂಗತಿಗಳು, ಆದರೆ ಪಾಠ ಕೆಡುವುದು ಸಣ್ಣವುಗಳಿಂದಲೇ. ಏಳು ವರ್ಷದ ಮಗುವಿನ ಅಂಗೈಗೆ ದೊಡ್ಡವರ ಮೌಸ್ ಹಿಡಿತಕ್ಕೆ ಸಿಗುವುದಿಲ್ಲ; ಗುಂಡಿಯನ್ನು ಒತ್ತಿ ಹಿಡಿದು ಎಳೆಯುವಾಗ ಬೆರಳು ಜಾರಿ ಬ್ಲಾಕ್ ನಡುದಾರಿಯಲ್ಲೇ ಬಿದ್ದುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಲ್ಯಾಪ್‌ಟಾಪ್‌ಗೆಂದು ಮಾರುವ, ತಂತಿಯಿರುವ ಚಿಕ್ಕ ಮೌಸ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ ತರುವುದು ಒಳ್ಳೆಯದು. ಯಂತ್ರ ಕಡಿಮೆ ಇದ್ದರೆ ಚಿಂತೆ ಬೇಡ, ಒಂದಕ್ಕೆ ಇಬ್ಬರು ಕುಳಿತಾಗಲೇ ಕಲಿಕೆ ಚೆನ್ನಾಗಿರುತ್ತದೆ. ಮೌಸ್ ಹಿಡಿದವರು ತಮ್ಮ ಮನಸ್ಸಿಗೆ ಬಂದದ್ದನ್ನು ಮಾಡುವಂತಿಲ್ಲ, ಪಕ್ಕದವರು ಬಾಯಿಬಿಟ್ಟು ಹೇಳಿದ್ದನ್ನಷ್ಟೇ ಮಾಡಬೇಕು, ಏಳೇಳು ನಿಮಿಷಕ್ಕೆ ಜಾಗ ಬದಲಾಗಬೇಕು ಎಂಬ ಕಟ್ಟುಪಾಡು ಇಟ್ಟರೆ ಸಾಕು. ಟ್ಯಾಬ್‌ನಲ್ಲಿ ಈ ಕಟ್ಟುಪಾಡು ನಿಲ್ಲುವುದು ಕಷ್ಟ, ಪಕ್ಕದವರ ಬೆರಳು ಸುಮ್ಮನಿರುವುದಿಲ್ಲ.

ಎರಡನೆಯ ಹೆಜ್ಜೆ: ಮಗುವಿಗೆ ಬರುವ ಓದು, ಬರುವ ಲೆಕ್ಕ

ಬೆಂಗಳೂರಿನ ಒಂದು ತರಗತಿಯಲ್ಲಿ ಮನೆಮಾತು ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಹೀಗೆ ಐದು ಬಗೆಯಾಗಿರುವುದು ಸಾಮಾನ್ಯ. ಬ್ಲಾಕ್‌ಗಳ ಮೇಲಿನ ಇಂಗ್ಲಿಷ್ ಪದಗಳನ್ನು ಓದಲು ಒದ್ದಾಡುವ ಮಗುವನ್ನು ನಾವು ಕೋಡಿಂಗ್‌ನಲ್ಲಿ ಹಿಂದೆ ಎಂದು ತಪ್ಪಾಗಿ ತಿಳಿಯುತ್ತೇವೆ. ನೀವು ಆರಿಸುತ್ತಿರುವ ಸಾಧನದಲ್ಲಿ ಭಾಷೆಗಳ ಪಟ್ಟಿಯನ್ನು ತೆರೆಯಿರಿ. ಮಗುವಿನ ಭಾಷೆ ಅಲ್ಲಿದ್ದರೂ ಎಲ್ಲ ಬ್ಲಾಕ್‌ಗಳೂ ಅನುವಾದವಾಗಿವೆಯೇ, ಅನುವಾದದ ಪದಗಳು ಮಗುವಿಗೆ ತಿಳಿಯುವಂತಿವೆಯೇ ಎಂದು ನೀವೇ ಓದಿ ನೋಡಿ.

ಇಂಗ್ಲಿಷ್ ಬ್ಲಾಕ್‌ಗಳಲ್ಲೇ ಕಲಿಸಬೇಕಾಗಿ ಬಂದರೆ ಗೋಡೆಯ ಮೇಲೊಂದು ಪಟ್ಟಿ ಬೇಕು. ಹನ್ನೆರಡು ಬ್ಲಾಕ್ ಸಾಕು, ಅವುಗಳದೇ ಬಣ್ಣದ ಕಾಗದದಲ್ಲಿ ಕತ್ತರಿಸಿ, ಪಕ್ಕದಲ್ಲಿ ಕನ್ನಡ ಬರೆದು ಅಂಟಿಸಿ. ಬರೆಯುವಾಗ ಪದಕ್ಕೆ ಪದ ಇಡಬೇಡಿ. ಇಂಗ್ಲಿಷ್ ಬ್ಲಾಕ್ ಕ್ರಿಯಾಪದದಿಂದ ಶುರುವಾಗುತ್ತದೆ, ನಮ್ಮ ಮಾತು ಕ್ರಿಯಾಪದದಲ್ಲಿ ಮುಗಿಯುತ್ತದೆ. 'ಮೂವ್ 10 ಸ್ಟೆಪ್ಸ್' ಎಂಬುದರ ಪಕ್ಕ '10 ಹೆಜ್ಜೆ ನಡೆ' ಎಂದೂ 'ರಿಪೀಟ್ 5' ಎಂಬುದರ ಪಕ್ಕ '5 ಸಲ ಮಾಡು' ಎಂದೂ ಬರೆದರೆ ಮಗು ಎರಡೇ ವಾರದಲ್ಲಿ ಪಟ್ಟಿ ನೋಡುವುದನ್ನು ಬಿಡುತ್ತದೆ. ಅಸಲಿಗೆ ಮಕ್ಕಳು ಹೆಸರು ಹಿಡಿದು ಕೇಳುವುದೂ ಇಲ್ಲ, "ಮಿಸ್, ಆ ಕೇಸರಿಯದು ಎಲ್ಲಿದೆ?" ಎನ್ನುತ್ತಾರೆ.

ಮಕ್ಕಳು ಪರದೆಯ ಮೇಲಿನ ತಮ್ಮ ಪಾತ್ರವನ್ನು ಕನ್ನಡದಲ್ಲಿ ಮಾತಾಡಿಸಬಹುದು ಎಂಬುದನ್ನು ಮಾತ್ರ ಮೊದಲ ದಿನವೇ ತೋರಿಸಿ. ಸ್ಕ್ರ್ಯಾಚ್ ತೆರೆದಾಗ ಕಾಣುವ ಬೆಕ್ಕಿನ ಮಾತಿನ ಗುಳ್ಳೆಯಲ್ಲಿ 'ಊಟ ಆಯ್ತಾ' ಎಂದು ಕಾಣಿಸಿದಾಗ ತರಗತಿಯಲ್ಲಿ ಏಳುವ ನಗು ಬೇರೆ ಯಾವುದರಿಂದಲೂ ಏಳುವುದಿಲ್ಲ. ಇದಕ್ಕೆ ಯೂನಿಕೋಡ್‌ನಲ್ಲಿ, ಅಂದರೆ ಫೋನು, ಜಾಲತಾಣಗಳಲ್ಲೆಲ್ಲ ನಡೆಯುವ ಕನ್ನಡ ಅಕ್ಷರಗಳಲ್ಲಿ, ಟೈಪ್ ಮಾಡಬೇಕು. ಶಾಲೆಯ ಕಚೇರಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಸಾಲನ್ನು ತಂದು ಅಂಟಿಸಿದರೆ ಗುಳ್ಳೆಯಲ್ಲಿ ಅರ್ಥವಾಗದ ಅಕ್ಷರಗಳು ಬರುತ್ತವೆ.

ಇನ್ನು ಲೆಕ್ಕ. ಸ್ಕ್ರ್ಯಾಚ್‌ನ ವೇದಿಕೆ, ಅಂದರೆ ಬೆಕ್ಕು ಓಡಾಡುವ ಜಾಗ, 480 ಹೆಜ್ಜೆ ಅಗಲ, 360 ಹೆಜ್ಜೆ ಎತ್ತರ. ಸೊನ್ನೆ ಇರುವುದು ನಟ್ಟನಡುವೆ. ಆದ್ದರಿಂದ ಎಡಕ್ಕೂ ಕೆಳಕ್ಕೂ ಹೋದರೆ ಋಣ ಸಂಖ್ಯೆಗಳು ಎದುರಾಗುತ್ತವೆ. ಮೂರನೇ ತರಗತಿಯ ಮಗು ಋಣ ಸಂಖ್ಯೆಯನ್ನು ಕಂಡೇ ಇರುವುದಿಲ್ಲ. ಕೆಲವು ಶಿಕ್ಷಕರು ಅಲ್ಲೇ ನಿಂತು ಋಣ ಸಂಖ್ಯೆಯ ಪಾಠ ಶುರು ಮಾಡುತ್ತಾರೆ. ಅದು ದಾರಿ ತಪ್ಪುವ ಕೆಲಸ. ಮೊದಲ ತಿಂಗಳುಗಳಲ್ಲಿ ನಡೆಯುವ ಮತ್ತು ತಿರುಗುವ ಬ್ಲಾಕ್‌ಗಳನ್ನಷ್ಟೇ ಕೊಡಿ, ವೇದಿಕೆಯ ಮೇಲಿನ ಸ್ಥಾನವನ್ನು ಸಂಖ್ಯೆಯಲ್ಲಿ ಹೇಳುವ ಎಕ್ಸ್, ವೈ ಬ್ಲಾಕ್‌ಗಳು ಐದನೇ ತರಗತಿಯವರೆಗೆ ಕಾಯಲಿ. ಕೋನದ ವಿಷಯದಲ್ಲೂ ಹಾಗೆಯೇ. ಕಾಗದವನ್ನು ಎರಡು ಸಲ ಮಡಿಸಿ 90, ಇನ್ನೊಂದು ಸಲ ಮಡಿಸಿ 45 ತೋರಿಸಿದರೆ ನಾಲ್ಕನೇ ತರಗತಿಯವರೆಗೆ ಅಷ್ಟೇ ಬಂಡವಾಳ ಸಾಕು.

ಮೂರನೆಯ ಹೆಜ್ಜೆ: ಕಂಪ್ಯೂಟರ್ ಮುಟ್ಟದೆ ಎರಡು ವಾರ

ಅಂಗಳದಲ್ಲಿ ಚಾಕ್‌ಪೀಸಿನಿಂದ ದೊಡ್ಡ ಚೌಕಾಬಾರದ ಮನೆ ಬರೆಯಿರಿ, ಐದಕ್ಕೈದು, ಒಟ್ಟು 25 ಮನೆ. ಒಂದು ಮಗು ಯಂತ್ರವಾಗಲಿ, ಇನ್ನೊಂದು ಆಜ್ಞೆ ಕೊಡಲಿ: 'ಒಂದು ಮನೆ ಮುಂದೆ', 'ಬಲಕ್ಕೆ ತಿರುಗು'. ಹತ್ತು ನಿಮಿಷದೊಳಗೆ ಜಗಳ ಶುರುವಾಗುತ್ತದೆ, ಆಗಲೇಬೇಕು. ಎದುರು ನಿಂತು 'ಬಲಕ್ಕೆ' ಎಂದವಳು ತನ್ನ ಬಲವನ್ನು ಹೇಳಿರುತ್ತಾಳೆ, ಯಂತ್ರವಾದವನು ತನ್ನ ಬಲಕ್ಕೆ ತಿರುಗಿರುತ್ತಾನೆ. ಪರದೆಯ ಮೇಲಿನ ಬೆಕ್ಕು ಕೆಳಮುಖವಾಗಿದ್ದಾಗ ಮಕ್ಕಳು ಮಾಡುವ ತಪ್ಪೂ ಇದೇ. ಅಂಗಳದಲ್ಲಿ ಮೈಯಿಂದ ಅರ್ಥವಾದ ಮಗು ಪರದೆಯ ಮುಂದೆ ತಾನೇ ಕತ್ತು ವಾಲಿಸಿ, ಕುರ್ಚಿಯಲ್ಲೇ ಅರ್ಧ ಸುತ್ತು ತಿರುಗಿ, ಸರಿಯಾದ ಬ್ಲಾಕ್ ಎಳೆಯುತ್ತದೆ.

ಷರತ್ತು ಎಂದರೇನು ಎಂಬುದಕ್ಕೂ ಈ ಆಟದಾಚೆ ಹೋಗಬೇಕಾಗಿಲ್ಲ. ಎದುರಾಳಿಯ ಕಾಯಿಯನ್ನು ಒಂದಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಅನೇಕ ಮನೆಗಳಲ್ಲಿದೆ; ನಾಲ್ಕು ಅಥವಾ ಎಂಟು ಬಿದ್ದರೆ ಇನ್ನೊಂದು ಆಟ ಸಿಗುತ್ತದೆ. 'ಹೀಗಾದರೆ ಹಾಗೆ, ಇಲ್ಲದಿದ್ದರೆ ಹೀಗೆ' ಎಂದು ಆಡುತ್ತಲೇ ಬೆಳೆದ ಮಕ್ಕಳಿಗೆ ಷರತ್ತಿನ ಬ್ಲಾಕ್ ಹೊಸದಲ್ಲ.

ನಾಲ್ಕನೆಯ ಹೆಜ್ಜೆ: ಸಾಧನಗಳನ್ನು ತೂಗಿ ನೋಡುವುದು

1ರಿಂದ 3ನೇ ತರಗತಿಗೆ, ಅಂದರೆ ಸರ್ಕಾರಿ ಶಾಲೆಗಳಲ್ಲಿ ನಲಿಕಲಿಯ ಮಕ್ಕಳಿಗೆ, ಟ್ಯಾಬ್ ಇದ್ದರೆ ಸ್ಕ್ರ್ಯಾಚ್ ಜೂನಿಯರ್ ಆರಿಸಿ. ಇದು 2014ರಲ್ಲಿ ಬಂತು. ಟಫ್ಟ್ಸ್ ವಿಶ್ವವಿದ್ಯಾಲಯ, ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಪ್ಲೇಫುಲ್ ಇನ್ವೆನ್ಷನ್ ಕಂಪನಿ ಸೇರಿ 5ರಿಂದ 7 ವರ್ಷದವರಿಗೆಂದು ಮಾಡಿದ್ದು, ಉಚಿತ. ಇದರ ಬ್ಲಾಕ್‌ಗಳ ಮೇಲೆ ಪದಗಳೇ ಇಲ್ಲ, ಚಿತ್ರಗಳಿವೆ. ಐದು ಮನೆಮಾತಿನ ತರಗತಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. ಬ್ಲಾಕ್‌ಗಳು ಓದುವ ದಿಕ್ಕಿನಲ್ಲೇ ಎಡದಿಂದ ಬಲಕ್ಕೆ ಜೋಡಣೆಯಾಗುತ್ತವೆ. ವೇದಿಕೆಯ ಮೇಲೆ ಚೌಕಳಿ ಹಾಕಿಕೊಂಡರೆ ಅಡ್ಡಕ್ಕೆ 20, ಉದ್ದಕ್ಕೆ 15 ಮನೆಗಳು ಕಾಣುತ್ತವೆ, ಒಂದು ಹೆಜ್ಜೆಗೆ ಒಂದು ಮನೆ, ಋಣ ಸಂಖ್ಯೆಯ ಗೋಜಿಲ್ಲ. ಪೂರ್ತಿ ಒಂದು ಸುತ್ತು ತಿರುಗಲು 12 ಎಂದು ಕೊಡಬೇಕು. ಗಡಿಯಾರ ನೋಡಲು ಬರುವ ಮಗುವಿಗೆ ಕೋನದ ಪಾಠವೇ ಬೇಡ. ಒಂದು ಕಥೆಗೆ ನಾಲ್ಕು ಪುಟಗಳ ಮಿತಿಯಿದೆ, ಅದೂ ಒಳ್ಳೆಯದೇ ಆಯಿತು, ಮಕ್ಕಳ ಕಥೆಗಳು ಮುಗಿಯುತ್ತವೆ. ಲ್ಯಾಬಿನಲ್ಲಿ ಡೆಸ್ಕ್‌ಟಾಪ್ ಮಾತ್ರ ಇದ್ದರೆ ಈ ವಯಸ್ಸಿನವರಿಗೆ ಅಂಗಳದ ಆಟಗಳನ್ನೇ ಮುಂದುವರಿಸಿ. ದೊಡ್ಡವರ ಸಾಧನವನ್ನು ಕತ್ತರಿಸಿ ಕೊಡುವುದಕ್ಕಿಂತ ಅದು ವಾಸಿ.

3ನೇ ತರಗತಿಯ ಕೊನೆಯಿಂದ 5ನೇ ತರಗತಿಯವರೆಗೆ ನನ್ನ ಆಯ್ಕೆ ಸ್ಕ್ರ್ಯಾಚ್. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿದ ಇದು 2007ರಲ್ಲಿ ಎಲ್ಲರಿಗೂ ಸಿಕ್ಕಿತು, ಈಗಿನ ಮೂರನೆಯ ಆವೃತ್ತಿ ಬಂದದ್ದು 2019ರಲ್ಲಿ. ತಪ್ಪು ಅಕ್ಷರ, ಬಿಟ್ಟುಹೋದ ಆವರಣ ಚಿಹ್ನೆಗಳ ಕಾಟವಿಲ್ಲ, ಹೊಂದದ ಬ್ಲಾಕ್‌ಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಆದರೆ ಇದನ್ನು ನಾನು ಆರಿಸಲು ಕಾರಣ ಬೇರೆ: ತನ್ನದೇ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಬಿಡಿಸಲು ಮಗುವಿಗೆ ಇದರಲ್ಲಿ ಜಾಗ ಇದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಐದನೇ ತರಗತಿಯ ಇಬ್ಬರು ಚೌಕಾಬಾರವನ್ನು ಕಂಪ್ಯೂಟರ್‌ಗೆ ತರಲು ಹೊರಟರು. ಕವಡೆ ಹಾಕುವ ಭಾಗಕ್ಕೆ ಹುಡುಗ '1ರಿಂದ 8ರೊಳಗೆ ಯಾವುದಾದರೂ ಒಂದು ಸಂಖ್ಯೆ' ಎಂಬ ಬ್ಲಾಕ್ ಹಾಕಿದ. ಗರ ಬಿತ್ತು, ಆರು! ಪಕ್ಕದ ಹುಡುಗಿ ತಕ್ಷಣ ಹೇಳಿದಳು, "ಆರು ಬೀಳಲ್ಲ ಕಣೋ." ನಾಲ್ಕು ಕವಡೆಗಳಲ್ಲಿ ಬೀಳುವುದು ಒಂದು, ಎರಡು, ಮೂರು, ನಾಲ್ಕೂ ಬಾಯಿ ಮೇಲಾದರೆ ಚೌಕ, ಎಲ್ಲವೂ ಬೋರಲಾದರೆ ಎಂಟು. ಐದು, ಆರು, ಏಳು ಇಲ್ಲವೇ ಇಲ್ಲ. ಸ್ವಲ್ಪ ಹೊತ್ತು ಬೆರಳು ಮಡಿಸಿದ ಮೇಲೆ ಅವರು ಕಂಡುಕೊಂಡ ದಾರಿ ಹೀಗಿತ್ತು: ಒಂದೊಂದು ಕವಡೆಗೂ '0 ಅಥವಾ 1' ಬರುವ ಒಂದೊಂದು ಬ್ಲಾಕ್, ನಾಲ್ಕನ್ನೂ ಕೂಡಿಸುವುದು, ಮೊತ್ತ ಸೊನ್ನೆಯಾದರೆ ಅದನ್ನು 8 ಎಂದು ಬದಲಿಸುವುದು. ಎಂಟು ಅಪರೂಪಕ್ಕೆ ಬೀಳುವುದೇಕೆ ಎಂಬುದೂ ಆಗಲೇ ಮಾತಿಗೆ ಬಂತು. ಹೀಗೆ ಬರೆದ ಆಟದಲ್ಲಿ 16 ಬಗೆಗಳಲ್ಲಿ ಒಂದು ಬಗೆ ಮಾತ್ರ ಪೂರ್ತಿ ಬೋರಲು. ನಿಜವಾದ ಕವಡೆ ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ ಎಂದು ಹುಡುಗಿಯ ಅಜ್ಜಿ ತಕರಾರು ತೆಗೆದರಂತೆ, ಅದೂ ಸರಿಯೇ. ಒಂದು ಸಾಧನ ಇಂಥ ಮಾತುಕತೆಗೆ ಎಡೆ ಮಾಡಿಕೊಡುತ್ತದೆಯೇ ಇಲ್ಲವೇ ಎಂಬುದೇ ನನಗೆ ಮುಖ್ಯ ಅಳತೆಗೋಲು.

ಈ ಅಳತೆಗೋಲಿನಿಂದ ನೋಡಿದರೆ, ಹಕ್ಕಿಯನ್ನೋ ರೋಬಾಟನ್ನೋ ಗುರಿ ಮುಟ್ಟಿಸುವ ಒಗಟಿನ ಮಾದರಿಯ ತಾಣಗಳು ಸ್ವಲ್ಪ ಹಿಂದೆ ನಿಲ್ಲುತ್ತವೆ. 2013ರಲ್ಲಿ ಶುರುವಾದ ಕೋಡ್ ಡಾಟ್ ಆರ್ಗ್ ಇವುಗಳಲ್ಲಿ ಹೆಚ್ಚು ಪರಿಚಿತ, ಉಚಿತ, ಪಾಠಗಳ ಕ್ರಮವೂ ಚೆನ್ನಾಗಿದೆ; ಹಿಂದೆಂದೂ ಕಲಿಸದ ಶಿಕ್ಷಕರಿಗೆ ಮೊದಲ ನಾಲ್ಕು ವಾರ ಅದು ಆಸರೆಯಾಗಬಲ್ಲದು. ಆದರೆ ಅಲ್ಲಿ ಪ್ರಶ್ನೆ ಬೇರೆಯವರದು, ಉತ್ತರವೂ ಬಹುತೇಕ ಒಂದೇ. ಹಂತ ದಾಟುವ ಆಸೆಗೆ ಮಕ್ಕಳು ಪಕ್ಕದವರ ಪರದೆ ನೋಡಿ ಜೋಡಿಸಿಬಿಡುತ್ತಾರೆ. ಜೊತೆಗೆ ಅಂತರ್ಜಾಲ ಬೇಕೇ ಬೇಕು.

ಲೋಗೋ ಭಾಷೆಯನ್ನು ಹಳೆಯದೆಂದು ತಳ್ಳಿಹಾಕುವವರಿದ್ದಾರೆ. 1967ರಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲೇಸ್ ಫ್ಯೂರ್ಜೈಗ್ ಮೊದಲಾದವರು ಮಕ್ಕಳಿಗೆಂದೇ ರೂಪಿಸಿದ ಭಾಷೆ ಅದು, ಗೆರೆ ಎಳೆಯುತ್ತಾ ನಡೆಯುವ ಆಮೆಯ ಕಲ್ಪನೆ ಬಂದದ್ದು ಅದರಿಂದಲೇ. ಹಳೆಯ, ನಿಧಾನದ ಯಂತ್ರಗಳಿರುವ ಲ್ಯಾಬಿಗೆ ಕೆಟರ್ಟಲ್‌ನಂಥ ಹಗುರವಾದ ಆಮೆ ತಂತ್ರಾಂಶ ಇವತ್ತಿಗೂ ಒಳ್ಳೆಯ ಆಯ್ಕೆ. ಟೈಪಿಂಗ್ ಬೇಕಾಗುವುದರಿಂದ 5ನೇ ತರಗತಿಗೆ ಮೊದಲು ಬೇಡ. ಟೈಪ್ ಮಾಡಿ ಬರೆಯುವ ಪೈಥಾನ್ ಭಾಷೆ, ಮೊಬೈಲ್ ಆ್ಯಪ್ ಮಾಡುವ ಆ್ಯಪ್ ಇನ್ವೆಂಟರ್ ಎರಡನ್ನೂ ಹಿರಿಯ ಪ್ರಾಥಮಿಕಕ್ಕೆ ಬಿಡಿ.

ಐದನೆಯ ಹೆಜ್ಜೆ: ಒಂದು ಮಗುವಿನೊಂದಿಗೆ ರಂಗೋಲಿ ಪರೀಕ್ಷೆ

ಇಡೀ ತರಗತಿಗೆ ತರುವ ಮೊದಲು, ಆರಿಸಿದ ಸಾಧನವನ್ನು ಒಂದೇ ಒಂದು ಮಗುವಿನೊಂದಿಗೆ ಒಂದು ಗಂಟೆ ಪರೀಕ್ಷಿಸಿ. ತರಗತಿಯ ಚುರುಕಿನ ಮಗುವನ್ನು ಆರಿಸಬೇಡಿ, ನಡುವಿನದನ್ನು ಆರಿಸಿ. ಸ್ಕ್ರ್ಯಾಚ್ ಅಥವಾ ಆಮೆ ತಂತ್ರಾಂಶವಾದರೆ ನಾನು ಕೊಡುವ ಕೆಲಸ ಚುಕ್ಕಿ ರಂಗೋಲಿಯ ಚುಕ್ಕಿಗಳನ್ನಿಡುವುದು: ಐದು ಸಾಲು, ಸಾಲಿಗೆ ಐದು ಚುಕ್ಕಿ. ಸ್ಕ್ರ್ಯಾಚ್‌ನಲ್ಲಿ ಇದಕ್ಕೆ ಪೆನ್ ಎಂಬ ಹೆಚ್ಚುವರಿ ಬ್ಲಾಕ್‌ಗಳ ಗುಂಪನ್ನು ಸೇರಿಸಿ, ಪೆನ್ನಿನ ಗಾತ್ರವನ್ನು ದಪ್ಪ ಮಾಡಿ, ಬೆಕ್ಕನ್ನು ಎಡ ಮೇಲ್ಭಾಗದಲ್ಲಿ ಎಳೆದು ಕೂರಿಸಿ ಮಗುವಿಗೆ ಬಿಟ್ಟುಕೊಡಿ.

ನಾನು ನೋಡಿದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಮೊದಲ ಸಾಲನ್ನು ಒಂದೊಂದೇ ಬ್ಲಾಕ್ ಜೋಡಿಸಿ ಮಾಡಿದಳು: ಚುಕ್ಕಿ, 40 ಹೆಜ್ಜೆ, ಚುಕ್ಕಿ, 40 ಹೆಜ್ಜೆ. ಎರಡನೆಯ ಸಾಲಿಗೆ ಮತ್ತೆ ಅಷ್ಟೇ ಬ್ಲಾಕ್ ಎಳೆಯಲು ಬೇಸರವಾಗಿ, 'ಇದನ್ನೇ ಐದು ಸಲ ಮಾಡು ಅನ್ನೋದಿಲ್ವಾ ಮಿಸ್?' ಎಂದು ಕೇಳಿದಳು. ಆವರ್ತನೆಯ ಬ್ಲಾಕ್ ಕೊಡಬೇಕಾದ ಗಳಿಗೆ ಅದೇ. ಬೇಸರ ಬರುವ ಮೊದಲೇ ಕೊಟ್ಟರೆ ಅದರ ಬೆಲೆ ತಿಳಿಯುವುದಿಲ್ಲ. ಆಮೇಲೆ ಅವಳ ಬೆಕ್ಕು ಮೊದಲ ಸಾಲು ಮುಗಿಸಿ, ಹಿಂದಕ್ಕೆ ಬರದೆ ಕೆಳಗಿಳಿದು ಬಲಕ್ಕೇ ಹೊರಟಿತು, ವೇದಿಕೆಯ ಅಂಚಿಗೆ ಸಿಕ್ಕಿಕೊಂಡು ಒಂದರ ಮೇಲೊಂದು ಚುಕ್ಕಿ ಇಡುತ್ತಾ ನಿಂತಿತು. ಅವಳು ಎದ್ದು ನಿಂತು ನೆಲದ ಮೇಲೆ ರಂಗೋಲಿ ಇಡುವವಳಂತೆ ಬಾಗಿ, ಕೈಯನ್ನು ಸಾಲಿನುದ್ದಕ್ಕೂ ಒಯ್ದು, ತಡೆದು, "ಅಯ್ಯೋ, ಅಮ್ಮ ವಾಪಸ್ ಬರ್ತಾರೆ" ಎಂದಳು. 200 ಹೆಜ್ಜೆ ಹಿಂದಕ್ಕೆ ತರಲು ಅವಳಿಗೆ ಇನ್ನು ಸಹಾಯ ಬೇಕಾಗಲಿಲ್ಲ.

ಈ ಗಂಟೆಯಲ್ಲಿ ನೀವು ಮಾತಾಡಬೇಡಿ, ಗಮನಿಸಿ. ಮಗು ಬ್ಲಾಕ್ ಹುಡುಕಲು ಹೆಚ್ಚು ಹೊತ್ತು ಕಳೆಯುತ್ತಿದೆಯೋ, ಯೋಚಿಸಲು ಕಳೆಯುತ್ತಿದೆಯೋ? ತಪ್ಪಾದಾಗ ಏನು ತಪ್ಪಾಯಿತೆಂದು ಪರದೆಯಲ್ಲೇ ಕಾಣುತ್ತದೆಯೋ, ಕೆಂಪು ಅಕ್ಷರದ ಸಂದೇಶ ಬಂದು ಮಗು ನಿಮ್ಮ ಮುಖ ನೋಡುತ್ತದೆಯೋ? ನೀವು ಹೇಳಿಕೊಡದ ಯಾವುದನ್ನಾದರೂ ತಾನಾಗಿ ಮಾಡಿತೋ, ಚುಕ್ಕಿಯ ಬಣ್ಣವನ್ನಾದರೂ ಬದಲಿಸಿತೋ? ಹುಡುಕಾಟವೇ ಹೆಚ್ಚಾಗಿದ್ದರೆ ಸಾಧನ ಆ ವಯಸ್ಸಿಗೆ ದೊಡ್ಡದಾಯಿತು. ಗಂಟೆಗೆ ಮೊದಲೇ ಎಲ್ಲ ಮುಗಿದು ಮಗು ಆಕಳಿಸಿದರೆ ಚಿಕ್ಕದಾಯಿತು.

ತ್ರಿಕೋನವನ್ನು ಕೊನೆಗೆ ಇಟ್ಟುಕೊಳ್ಳಿ. ಸಮಬಾಹು ತ್ರಿಕೋನದ ಒಳಕೋನ 60 ಎಂದು ಓದಿಕೊಂಡ ದೊಡ್ಡವರು ಕೂಡ ತಿರುಗುವ ಬ್ಲಾಕ್‌ಗೆ 60 ಕೊಡುತ್ತಾರೆ, ಪರದೆಯ ಮೇಲೆ ಅರ್ಧ ಷಟ್ಕೋನ ಮೂಡುತ್ತದೆ. ನಡೆಯುವವರು ಮೂಲೆಯಲ್ಲಿ ತಿರುಗುವುದು ಹೊರಕೋನದಷ್ಟು, ಅಂದರೆ 120. ನನ್ನ ಮೊದಲ ವರ್ಷ ಇಡೀ ತರಗತಿಯ ಮುಂದೆ ನಾನೇ 60 ಹಾಕಿ ನಿಂತಿದ್ದೆ.

ಆರನೆಯ ಹೆಜ್ಜೆ: ಖಾತೆ, ಕಡತ, ಖಾಸಗಿತನ

ಆಫ್‌ಲೈನ್ ಆ್ಯಪ್‌ಗೆ ಖಾತೆಯೇ ಬೇಡ, ಚಿಕ್ಕ ಮಕ್ಕಳಿಗೆ ಅದೇ ಕ್ಷೇಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಮಗುವಿನ ಹುಟ್ಟಿದ ದಿನ, ಫೋಟೋ, ಶಾಲೆಯ ಹೆಸರು ಕೇಳುವ ಆ್ಯಪ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಸ್ಕ್ರ್ಯಾಚ್ ತಾಣದಲ್ಲಿ ಖಾತೆ ಬೇಕೆನಿಸಿದರೆ ಶಿಕ್ಷಕರ ಖಾತೆ ಪಡೆದು ಅದರಡಿಯಲ್ಲಿ ಮಕ್ಕಳಿಗೆ ಖಾತೆ ಮಾಡಿಕೊಡಬಹುದು. ಬಳಕೆದಾರ ಹೆಸರಿನಲ್ಲಿ ಮಗುವಿನ ನಿಜವಾದ ಹೆಸರು ಬೇಡ, ನಮ್ಮಲ್ಲಿ 'ಹುಣಸೆ4', 'ನವಿಲು7' ಎಂಬಂಥವು ನಡೆಯುತ್ತವೆ.

ಕಡತ ಉಳಿಸುವುದನ್ನು ಪಾಠದ ಭಾಗವೆಂದೇ ತಿಳಿಯಿರಿ. ಆಫ್‌ಲೈನ್ ಆ್ಯಪ್‌ನಲ್ಲಿ ಕೆಲಸವನ್ನು ನಾವೇ ಉಳಿಸಬೇಕು, ಯುಪಿಎಸ್ ಇಲ್ಲದ ಲ್ಯಾಬಿನಲ್ಲಿ ಕರೆಂಟ್ ಹೋದರೆ ಮುಕ್ಕಾಲು ಗಂಟೆಯ ರಂಗೋಲಿ ಹೋದ ಹಾಗೆಯೇ. ಜಾಗ ಬದಲಿಸುವ ಪ್ರತಿ ಸಲವೂ, ಮೌಸ್ ಬಿಟ್ಟುಕೊಡುವ ಮೊದಲು ಉಳಿಸಬೇಕು ಎಂಬ ನಿಯಮ ಇಟ್ಟ ಮೇಲೆ ನಮ್ಮಲ್ಲಿ ಅಳು ನಿಂತಿತು.

ಏಳನೆಯ ಹೆಜ್ಜೆ: ಹಣ ಕೊಡುವ ಮೊದಲು

ಮೇಲೆ ಹೇಳಿದ ತಂತ್ರಾಂಶಗಳೆಲ್ಲ ಉಚಿತ. ಹಣ ಕೇಳುವ ತರಗತಿಗೆ ಸೇರಿಸುವುದಾದರೆ ಎರಡು ಪ್ರಶ್ನೆ ಕೇಳಿ: ಮಗು ಮಾಡಿದ ಕಡತವನ್ನು ಮನೆಗೆ ತಂದು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಬಹುದೇ? ತರಗತಿ ಬಿಟ್ಟ ಮೇಲೂ ಆ ಸಾಧನ ಸಿಗುತ್ತದೆಯೇ? ಎರಡಕ್ಕೂ ಹೌದು ಎಂದರೆ ಮಾತ್ರ ಶುಲ್ಕದ ಮಾತು. ರೋಬಾಟ್ ಕಿಟ್‌ಗಳ ವಿಷಯದಲ್ಲಿ ನನಗೆ ಒಂದು ಕಹಿ ಅನುಭವವಿದೆ. ನಾವು ಕೊಂಡ ಕಿಟ್‌ನ ಒಂದು ಪುಟ್ಟ ತಂತಿ ಕಳೆದುಹೋಯಿತು, ಬಿಡಿಯಾಗಿ ಎಲ್ಲೂ ಸಿಗಲಿಲ್ಲ, ಆ ತಂತಿಯಿಲ್ಲದೆ ಇಡೀ ಡಬ್ಬ ಬೀರುವಿನಲ್ಲಿದೆ. ಬಿಡಿಭಾಗ ಎಸ್.ಪಿ. ರಸ್ತೆಯಲ್ಲಿ ಸಿಗದ ಕಿಟ್ಟನ್ನು ಅಂದಿನಿಂದ ನಾನು ಯಾರಿಗೂ ಹೇಳಿಲ್ಲ.

ಕೈಗೆ ಸಿಗುವ ವಸ್ತು ಬೇಕೇ ಬೇಕು ಎನ್ನುವವರಿಗೆ ಮೈಕ್ರೋಬಿಟ್ ಇದೆ. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಪುಟ್ಟ ಕಂಪ್ಯೂಟರ್ ಫಲಕ ಇದು, 2020ರ ಎರಡನೆಯ ಆವೃತ್ತಿಯಲ್ಲಿ ಸ್ಪೀಕರ್, ಮೈಕ್ ಸೇರಿವೆ. ಕೊಳ್ಳುವ ಮೊದಲು ಇದಕ್ಕೆ ಬ್ಲಾಕ್ ಜೋಡಿಸುವ ಮೇಕ್‌ಕೋಡ್ ಎಂಬ ತಾಣವನ್ನು ತೆರೆಯಿರಿ. ಪರದೆಯ ಮೇಲೇ ಒಂದು ಫಲಕದ ಚಿತ್ರವಿದ್ದು, ಜೋಡಿಸಿದ ಬ್ಲಾಕ್‌ಗಳು ಅದರ ಮೇಲೆ ನಡೆಯುತ್ತವೆ. ಒಂದು ತಿಂಗಳು ಅದರಲ್ಲೇ ಆಡಿದ ಮೇಲೂ ಮಗು ಕೇಳಿದರೆ ಆಗ ಕೊಳ್ಳಿ.

ಮುಂದಿನ ಸಾಧನಕ್ಕೆ ಹೋಗುವ ಹೊತ್ತು

ವರ್ಷದ ನಡುವೆ ಸಾಧನ ಬದಲಿಸಬೇಡಿ, ಪಕ್ಕದ ಶಾಲೆಯವರು ಬದಲಿಸಿದರೂ ಸಹ. ಬದಲಿಸುವ ಹೊತ್ತು ಬಂದಿದೆ ಎಂಬುದನ್ನು ಮಗುವಿನ ಪ್ರಶ್ನೆಯೇ ಹೇಳುತ್ತದೆ. ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ಆಟ ಮಾಡಿದ ಮಗು ಒಂದು ದಿನ 'ಎಷ್ಟು ಸಲ ಗೆದ್ದೆ ಅಂತ ಲೆಕ್ಕ ತೋರಿಸಬೇಕು' ಎನ್ನುತ್ತದೆ. ಬದಲಾಗುವ ಲೆಕ್ಕವನ್ನು ಹಿಡಿದಿಡುವ ಬ್ಲಾಕ್ ಅದರಲ್ಲಿಲ್ಲ, ಆ ಮಗು ಸ್ಕ್ರ್ಯಾಚ್‌ಗೆ ಸಿದ್ಧ. ಸ್ಕ್ರ್ಯಾಚ್‌ನಲ್ಲಿ ರಂಗೋಲಿ ಮಾಡುವ ಮಗು ನಡುಸಾಲಿನಲ್ಲಿ 7 ಚುಕ್ಕಿ, ಮೇಲೂ ಕೆಳಗೂ ಸಂದಿಗೊಂದರಂತೆ ಇಳಿಯುತ್ತಾ 4 ಚುಕ್ಕಿಯಾಗುವ ರಂಗೋಲಿಯನ್ನು ತಾನೇ ಬರೆದು, 37 ಚುಕ್ಕಿಯನ್ನೂ ಎಣಿಸಿ ತೋರಿಸಿ, ಇನ್ನು ಇಷ್ಟುದ್ದ ಬ್ಲಾಕ್ ಎಳೆಯಲು ಕೈ ನೋಯುತ್ತದೆ ಎಂದರೆ, ಟೈಪ್ ಮಾಡುವ ಭಾಷೆಯನ್ನು ತೋರಿಸಬಹುದು. ನಮ್ಮ ಚೌಕಾಬಾರದ ಜೋಡಿ ಈಗ ಆರನೇ ತರಗತಿಗೆ ಹೋಗಿದೆ. ಮೇಕ್‌ಕೋಡ್ ತೆರೆದ ಮೊದಲ ದಿನ ಹುಡುಗ ಪರದೆಯ ಮೇಲಿನ ಫಲಕದ ದೀಪಗಳನ್ನು ಅಡ್ಡ ಐದು, ಉದ್ದ ಐದು ಎಂದು ಎಣಿಸಿದ. ಹುಡುಗಿ ನಟ್ಟನಡುವಿನ ದೀಪದ ಮೇಲೆ ಬೆರಳಿಟ್ಟು, "ಇದು ಹಣ್ಣಿನ ಮನೆ" ಎಂದಳು.